ಎಡಭುಜದ ಅಳತೆ

ನಮ್ಮ ಕಡೆ ಹೆಂಗಸರು ಟೈಲರ್ ಹತ್ತಿರ ಅಳತೆ ಕೊಡಲು ಬರುವುದಿಲ್ಲ, ಬ್ಲೌಸನ್ನು ಕಳಿಸುತ್ತಾರೆ. ಸರಿಯಾಗಿ ಕೂರುತ್ತದೆ ಎಂದು ಅವರು ನಂಬಿರುವ ಹಳೆಯದೊಂದು ಬ್ಲೌಸ್, ಹೊಸ ಬಟ್ಟೆಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ. ಅದಕ್ಕೆ ಅಳತೆ ಬ್ಲೌಸ್ ಎನ್ನುತ್ತೇವೆ. ಅದು ಗಂಡನ ಕೈಯಲ್ಲಿ ಬರಬಹುದು, ಹಾಲಿನ ವ್ಯಾನಿನಲ್ಲಿ ಬರಬಹುದು. ಒಮ್ಮೆ ಹಿರೇನಲ್ಲೂರಿನಿಂದ ಬಸ್ ಕಂಡಕ್ಟರ್ ಕೈಯಲ್ಲೇ ಬಂದಿತ್ತು. ಜೊತೆಗೊಂದು ಮಾತೂ ತಪ್ಪದೆ ಬರುತ್ತದೆ: "ಇದೇ ಥರ ಇರ್ಲಿ, ಒಂಚೂರು ಲೂಸ್ ಮಾಡಿ, ಆದ್ರೆ ಲೂಸ್ ಕಾಣ್ಬಾರ್ದು." ಇದರ ಅರ್ಥ ಇಷ್ಟು ವರ್ಷವಾದರೂ ನನಗೆ ಪೂರ್ತಿ ಹತ್ತಿಲ್ಲ. ಎಷ್ಟೋ ಗಿರಾಕಿಗಳ ಮುಖವನ್ನೇ ನಾನು ನೋಡಿಲ್ಲ. ಕಡೂರಿನ ಸಂತೆಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಮೊದಲು ಅವರ ತೋಳಿನ ಪಟ್ಟಿ ನೋಡುತ್ತೇನೆ. ಹೊಲಿಗೆ ನನ್ನದಾದರೆ ಆಸಾಮಿ ಯಾರೆಂದು ಗೊತ್ತಾಗುತ್ತದೆ.

ನಾನು ಹೊಲಿಗೆಗೆ ಇಳಿದದ್ದು ಸಿಟ್ಟಿನಿಂದ. ತವರು ಬುಕ್ಕಾಂಬುಧಿ ಕಡೆಯ ಹಳ್ಳಿ, ಮದುವೆಯಾಗಿ ಬಂದದ್ದು ಕಡೂರಿಗೆ. ಹೊಸದರಲ್ಲಿ ಇಲ್ಲಿಯ ಟೈಲರ್ ಒಬ್ಬರು ನನ್ನ ಒಳ್ಳೆಯ ಸೀರೆಯ ಬ್ಲೌಸಿಗೆ ಬಲತೋಳನ್ನು ಎಡಕ್ಕೂ ಎಡತೋಳನ್ನು ಬಲಕ್ಕೂ ಕೂಡಿಸಿ, "ಹಾಕ್ಕೊಳ್ತಾ ಹಾಕ್ಕೊಳ್ತಾ ಸರಿ ಹೋಗುತ್ತೆ ಕಣಮ್ಮ" ಎಂದರು. ಅದು ಸರಿ ಹೋಗಲಿಲ್ಲ, ನನ್ನ ತಲೆ ಕೆಟ್ಟುಹೋಯಿತು. ಅದೇ ವಾರ ಹೊಲಿಗೆ ಕ್ಲಾಸಿಗೆ ಸೇರಿದೆ. ಆರು ತಿಂಗಳು ಹಳೇ ಪೇಪರ್ ಕತ್ತರಿಸಿ, ಗೊಂಬೆಗೆ ಟೇಪು ಸುತ್ತಿ, ಕೊನೆಗೆ ಸರ್ಟಿಫಿಕೇಟ್ ತೆಗೆದುಕೊಂಡೆ. ಅದಕ್ಕೆ ಫ್ರೇಮ್ ಹಾಕಿಸಿ ದೇವರ ಪಟದ ಪಕ್ಕದಲ್ಲೇ ನೇತುಹಾಕಿದೆ. ಬೆಳಿಗ್ಗೆ ಪೂಜೆ ಮಾಡುವಾಗ ಅತ್ತೆ ಅದಕ್ಕೂ ಒಂದು ಹೂವು ಇಡುತ್ತಾರೇನೋ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದೆ. ಒಂದು ದಿನವೂ ಇಡಲಿಲ್ಲ.

ನನಗೆ ಬೇಕಾಗಿದ್ದದ್ದು ಮನೆಯ ಮುಂದಿನ ರೂಮು. ಬೀದಿಗೆ ಬಾಗಿಲಿದ್ದ ಆ ರೂಮಿನಲ್ಲಿ ನಮ್ಮ ತೋಟದ ತೆಂಗಿನಕಾಯಿ ರಾಶಿ ಬೀಳುತ್ತಿತ್ತು. ಅಲ್ಲಿ ಮಿಷನ್ ಹಾಕಿ, ಹೊರಗೆ ಬೋರ್ಡ್ ತೂಗುಹಾಕಿ, ಊರಿನವರ ಬಾಯಲ್ಲಿ ಟೈಲರ್ ಎನ್ನಿಸಿಕೊಳ್ಳಬೇಕು ಎಂಬುದು ನನ್ನ ಹಟ. ಅಡುಗೆಮನೆಯ ಮೂಲೆಯಲ್ಲಿ ಕೂತು ಮನೆಯವರ ಹರಿದ ಪಂಚೆಗೆ ತೇಪೆ ಹಾಕುವುದಕ್ಕೆ ನಾನು ಆರು ತಿಂಗಳು ಮಣ್ಣು ಹೊತ್ತಿರಲಿಲ್ಲ. ಗಂಡನನ್ನು ಕೇಳಿದರೆ "ಅವ್ವನ್ನ ಕೇಳು" ಎಂದರು. ಅವ್ವನನ್ನು ಕೇಳುವುದಾದರೆ ನಿಮ್ಮನ್ನು ಯಾಕೆ ಕೇಳಬೇಕಿತ್ತು ಎಂದು ಅವರ ಮೇಲೆ ರೇಗಿ, ಅತ್ತೆಯ ಹತ್ತಿರ ಹೋದೆ.

ಅತ್ತೆ ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಅಗಿದು, ಆಮೇಲೆ ಹೇಳಿದರು. "ಕೊಡ್ತೀನಿ ಕಣೇ. ಉಗಾದಿ ತನಕ. ಅಷ್ಟ್ರಲ್ಲಿ ಜನ ನಿನ್ನ ಹುಡುಕ್ಕೊಂಡು ಬಂದ್ರೆ ರೂಮು ನಿಂದು. ಜಗಳಕ್ಕೆ ಬಂದ್ರೆ ಮಿಷನ್ ಅಟ್ಟಕ್ಕೆ, ಕಾಯಿ ರೂಮಿಗೆ. ಆಮೇಲೆ ನನ್ನ ಹತ್ರ ಅಳ್ತಾ ಬರ್ಬಾರ್ದು."

ನಾನು ಒಪ್ಪಿದೆ. ಮದುವೆ ಸೀಸನ್ನು ಮುಂದಿತ್ತು, ಕೈಯಲ್ಲಿ ಸರ್ಟಿಫಿಕೇಟ್ ಇತ್ತು, ತಲೆ ತುಂಬ ಜಂಬ ಇತ್ತು. ಮೊದಮೊದಲು ಫಾಲ್ ಹಾಕುವುದು, ಹುಕ್ ಹಾಕುವುದು, ಸ್ಕೂಲ್ ಯೂನಿಫಾರಂ ಉದ್ದ ಬಿಚ್ಚುವುದು, ಇಂಥವೇ ಬಂದವು. ಸಂಕ್ರಾಂತಿ ಕಳೆದ ಮೇಲೆ ಒಂದು ಮದುವೆಯ ಆರ್ಡರೇ ಬಂತು.

ದೇವನೂರು ಹೋಬಳಿಯ ಒಂದು ಹಳ್ಳಿಯ ರೈತರ ಮನೆ. ಹುಡುಗಿಯ ತಾಯಿ ತಾವೇ ಬಂದಿದ್ದರು. ಗಟ್ಟಿ ಹೆಂಗಸು, ಮಾತು ಕಡಿಮೆ. ಹುಡುಗಿಗೆ ಆರು ಬ್ಲೌಸ್ ಆಗಬೇಕು, ಮದುವೆ ತರೀಕೆರೆಯ ಕಲ್ಯಾಣ ಮಂಟಪದಲ್ಲಿ, ಹುಡುಗನ ಊರೂ ಆ ಕಡೆಯದೇ. ಇದುವರೆಗೆ ಅವರ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದದ್ದು ಅಜ್ಜಂಪುರದ ಒಬ್ಬ ವಯಸ್ಸಾದ ಟೈಲರಂತೆ. ಅವರಿಗೆ ಕಣ್ಣು ಕಾಣದಾಗಿ ಕತ್ತರಿ ಕೆಳಗಿಟ್ಟಿದ್ದರಿಂದ ನನ್ನ ಹತ್ತಿರ ಬಂದಿದ್ದರು. "ಈ ಜಾಕೀಟು ಹೆಂಗಿದೆಯೋ ಹಂಗೇ ಹೊಲಿಬೇಕು ಕಣಮ್ಮ," ಎಂದು ಅಳತೆ ಬ್ಲೌಸ್ ಕೊಟ್ಟರು. ಆ ಮಾತನ್ನು ಎರಡು ಸಲ ಹೇಳಿದರು. ಹಳ್ಳಿಯವರು ಹಾಗೆಯೇ, ಎಲ್ಲವನ್ನೂ ಎರಡು ಸಲ ಹೇಳುತ್ತಾರೆ ಎಂದುಕೊಂಡೆ.

ಅವರು ಹೋದ ಮೇಲೆ ಅಳತೆ ಬ್ಲೌಸನ್ನು ಟೇಬಲ್ ಮೇಲೆ ಹರಡಿದೆ. ನೋಡಿದರೆ, ಬಲಗಡೆ ಒಂದು, ಎಡಗಡೆ ಇನ್ನೊಂದು. ಎಡಭುಜ ಒಂದು ಬೆರಳಿನಷ್ಟು ಗಿಡ್ಡ. ಎಡಗಡೆಯ ಕಂಕುಳು ಕೆಳಕ್ಕೆ ಇಳಿದಿದೆ. ಸಾಲದೆಂಬಂತೆ ಎಡಭುಜದ ಒಳಗೆ ಬಟ್ಟೆಯನ್ನು ಮೂರು ನಾಲ್ಕು ಮಡಿಕೆ ಮಾಡಿ ಹೊಲಿದು ಒಂದು ಮೆತ್ತೆ ಕೂರಿಸಿದ್ದಾರೆ. ನಾನು ಬಿದ್ದು ಬಿದ್ದು ನಕ್ಕೆ. ಗಂಡನನ್ನು ಕರೆದು ತೋರಿಸಿದೆ. "ನೋಡ್ರೀ, ಇದನ್ನ ಟೈಲರ್ ಹೊಲ್ದಿರೋದೋ, ಗಾರೆ ಕೆಲ್ಸದೋರು ಹೊಲ್ದಿರೋದೋ? ಅಳತೆ ತಪ್ಪಿದೆ, ಮುಚ್ಕೊಳ್ಳೋಕೆ ಒಳಗೆ ಮೆತ್ತೆ ತುರುಕಿದಾರೆ." ನನ್ನ ಗಂಡ, ಪಾಪ, ಎರಡೂ ಭುಜವನ್ನು ನೋಡಿ, "ಹಂಗೇ ಹೊಲಿ ಅಂದ್ರಲ್ಲ ಅವ್ರು?" ಎಂದರು. ಹೊಲಿಗೆಯ ಗಂಧಗಾಳಿ ಇಲ್ಲದವರು ಸುಮ್ಮನಿರಬೇಕು ಎಂದು ಹೇಳಿ ಕಳಿಸಿದೆ.

ಆರೂ ಬ್ಲೌಸನ್ನು ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ಹೊಲಿದೆ. ಬಟ್ಟೆಯನ್ನು ಸರಿಯಾಗಿ ಅರ್ಧಕ್ಕೆ ಮಡಚಿ, ಬಲಗಡೆಯ ಅಳತೆಯನ್ನೇ ಎಡಕ್ಕೂ ಹಿಡಿದು, ಎರಡು ಭುಜವೂ ತಕ್ಕಡಿಯ ತಟ್ಟೆಗಳಂತೆ ಸಮ ಮಾಡಿದೆ. ಮೆತ್ತೆ ಗಿತ್ತೆ ಏನೂ ಇಲ್ಲ. ಮೊಬೈಲಿನಲ್ಲಿ ನೋಡಿ ಬೆನ್ನಿಗೆ ಕುಚ್ಚು ಬಿಟ್ಟೆ, ತೋಳಿಗೆ ಜರಿಯ ಪಟ್ಟಿ ಕೊಟ್ಟೆ. ಇಸ್ತ್ರಿ ಹಾಕಿ ಜೋಡಿಸಿಟ್ಟಾಗ ನನಗೇ ದೃಷ್ಟಿ ತೆಗೆಯಬೇಕು ಅನ್ನಿಸಿತು. ಹುಡುಗಿಯ ಅಪ್ಪ ಬಂದು ತೆಗೆದುಕೊಂಡು ಹೋದರು.

ಮೂರನೇ ದಿನ ತಾಯಿ ಬಂದರು. ಬಸ್ಸಿಳಿದು ನೇರ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕವರನ್ನು ಟೇಬಲ್ ಮೇಲೆ ಹಾಕಿದರು.

"ಏನಮ್ಮ ಹೊಲ್ದಿದೀಯ? ಒಂದೂ ನಿಲ್ಲಲ್ಲ. ಎಡಗಡೆ ಜಾರಿ ಜಾರಿ ಬೀಳುತ್ತೆ. ಇನ್ನು ಆರು ದಿನಕ್ಕೆ ಮದ್ವೆ ಇಟ್ಕೊಂಡು ನಾನೇನು ಮಾಡ್ಲಿ?"

ಬೇರೆ ಯಾರಾದರೂ ಆಗಿದ್ದರೆ ಕೂರಿಸಿ, ನೀರು ಕೊಟ್ಟು, ಏನಾಯಿತು ಎಂದು ಕೇಳುತ್ತಿದ್ದರು. ನನ್ನ ಮೂಗಿನ ಮೇಲೇ ಕೋಪ. ಅಳತೆ ಬ್ಲೌಸ್ ಎತ್ತಿ ಅವರ ಮುಖದ ಮುಂದೆ ಹಿಡಿದೆ. "ನೀವು ಕೊಟ್ಟಿರೋ ಅಳತೇನೇ ಸೊಟ್ಟ ಇದೆ ನೋಡಿ. ಭುಜ ಒಂದು ಮೇಲೆ, ಒಂದು ಕೆಳಗೆ. ಆ ಅಜ್ಜಂಪುರದ ಟೈಲರ್ ತಪ್ಪು ಮಾಡಿದ್ರು, ನಾನು ಸರಿ ಮಾಡಿದೀನಿ. ಕಲ್ತು ಬಂದಿದೀನಿ ನಾನು, ಸುಮ್ನೆ ಕೂತಿಲ್ಲ."

ಆಕೆ ಬೀದಿಯ ಕಡೆ ಒಮ್ಮೆ ನೋಡಿ, ಒಳಗೆ ಬಂದು, ಬಾಗಿಲನ್ನು ಅರ್ಧ ಮುಂದೆ ಮಾಡಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು.

"ಜಾಕೀಟು ಸೊಟ್ಟ ಇಲ್ಲ ಕಣಮ್ಮ. ನನ್ನ ಮಗಳ ಭುಜ ಸೊಟ್ಟ ಇರೋದು."

ಹುಡುಗಿ ಏಳು ವರ್ಷದವಳಿದ್ದಾಗ ಎತ್ತಿನ ಗಾಡಿಯಿಂದ ಬಿದ್ದಿದ್ದಳಂತೆ. ಊರಲ್ಲೇ ನಾಟಿ ವೈದ್ಯರಿಂದ ಪಟ್ಟು ಕಟ್ಟಿಸಿದ್ದರು. ಮೂಳೆ ಕೂಡಿಕೊಂಡಿತು, ಆದರೆ ಎಡಭುಜ ಕೆಳಗೇ ನಿಂತುಬಿಟ್ಟಿತು. ಅಜ್ಜಂಪುರದ ಟೈಲರ್ ಅವಳ ಲಂಗದ ಕಾಲದಿಂದಲೂ ಒಂದು ಮಾತೂ ಆಡದೆ, ಕಣ್ಣಳತೆಯಲ್ಲೇ ಆ ಕಡೆಯನ್ನು ತಗ್ಗಿಸಿ, ಒಳಗೆ ಮೆತ್ತೆ ಇಟ್ಟು, ಹೊರಗೆ ಸಮ ಕಾಣುವ ಹಾಗೆ ಹೊಲಿಯುತ್ತಿದ್ದರು. ಮೆತ್ತೆ ಇದ್ದು ಮೇಲೆ ಸೆರಗು ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗನ ಕಡೆಯವರಿಗೂ ಗೊತ್ತಿಲ್ಲ, ತಾಳಿ ಬೀಳುವವರೆಗೆ ಗೊತ್ತಾಗಲೂ ಬಾರದು ಎಂಬುದು ತಾಯಿಯ ಲೆಕ್ಕ. ಅಂಥ ಕೆಲಸವನ್ನು ನಾನು ಗಾರೆ ಕೆಲಸ ಎಂದು ನಕ್ಕಿದ್ದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಇಷ್ಟು ಹೊತ್ತೂ ನಮ್ಮತ್ತೆ ನಡುಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ತಿರುಗಿ ನೋಡಿದಾಗ ಗೋಡೆಯ ಮೇಲಿನ ಕ್ಯಾಲೆಂಡರ್ ಕಡೆ ಒಂದು ಸಲ ನೋಡಿ ಒಳಗೆ ಹೋದರು. ಉಗಾದಿಗೆ ಇನ್ನೂ ಹದಿನೈದು ದಿನ ಇತ್ತು.

ಹುಡುಗಿಯನ್ನು ಒಂದು ಸಲ ಕರೆದುಕೊಂಡು ಬನ್ನಿ ಎಂದೆ. ಶಾಸ್ತ್ರ ಶುರುವಾಗಿದೆ, ಹುಡುಗಿ ಊರು ದಾಟುವ ಹಾಗಿಲ್ಲ ಎಂದರು. ಹಾಗಾದರೆ ನಾನೇ ಬರುತ್ತೇನೆ ಎಂದೆ. ಆಕೆಗೆ ಅದು ವಿಚಿತ್ರವಾಗಿ ಕಂಡಿತು. ಟೈಲರ್ ಮನೆಗೆ ಬಂದು ಮೈ ಅಳೆಯುವುದನ್ನು ಅವರು ಕೇಳಿಯೇ ಇರಲಿಲ್ಲ. ಬೇರೆ ದಾರಿ ಇಲ್ಲದೆ ಒಪ್ಪಿದರು. ಹೋಗುವಾಗ ಮಾತ್ರ ಅತ್ತೆಗೆ ಕೇಳಿಸುವ ಹಾಗೆಯೇ ಹೇಳಿದರು. "ಮದ್ವೆ ದಿನ ನೀನೇ ಬಂದು ನಿಂತ್ಕೊಂಡು ಹಾಕ್ಸಬೇಕು. ನಿಮ್ಮನೇರೂ ಎಲ್ಲಾ ಬರ್ರಿ. ಸರಿಯಾಗ್ಲಿಲ್ಲ ಅಂದ್ರೆ ಅಲ್ಲೇ ಎಲ್ಲಾರ ಎದುರಿಗೇ ಕೇಳ್ತೀನಿ." ಮದುವೆಗೆ ಕರೆಯುವುದನ್ನೂ ಬೆದರಿಸುವುದನ್ನೂ ಒಂದೇ ಉಸಿರಿನಲ್ಲಿ ಮುಗಿಸಿದ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಮಾರನೇ ದಿನ ಟೇಪು, ಚಾಕ್‌ಪೀಸು, ಆರು ಬ್ಲೌಸ್ ಹೊತ್ತು ದೇವನೂರು ಕಡೆಯ ಬಸ್ ಹತ್ತಿದೆ. ಹುಡುಗಿ ನಾನು ಅಂದುಕೊಂಡಿದ್ದಕ್ಕಿಂತ ಎತ್ತರ ಇದ್ದಳು, ನಗುಮುಖ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ಆಗ ನನಗೆ ಒಂದು ವಿಷಯ ಹೊಳೆಯಿತು. ಇಷ್ಟು ದಿನ ನಾನು ಅಳೆದದ್ದೆಲ್ಲ ಗೊಂಬೆಯನ್ನು, ಪೇಪರನ್ನು, ಇನ್ನೊಬ್ಬರ ಹಳೇ ಬ್ಲೌಸನ್ನು. ಜೀವ ಇರುವ ಮೈಗೆ ಟೇಪು ಹಿಡಿದದ್ದು ಅದೇ ಮೊದಲು. ಕತ್ತಿನಿಂದ ಎಡಭುಜದ ತುದಿಗೆ ಟೇಪು ಇಟ್ಟಾಗ ಅವಳು ಒಂದು ಕ್ಷಣ ಉಸಿರು ಹಿಡಿದಳು.

"ನೋವಾಗುತ್ತೇನಮ್ಮ?" ಎಂದೆ.

"ಇಲ್ಲಕ್ಕ. ಯಾರೂ ಇಲ್ಲಿ ಮುಟ್ಟಿ ಅಳೆದೇ ಇಲ್ಲ, ಅದಕ್ಕೆ."

ಅಲ್ಲಿ ಚರ್ಮ ಕೆಂಪಗೆ ಒರಟಾಗಿತ್ತು. ಮೆತ್ತೆಯ ಕೆಳಗೆ ಬೆವರುಸಾಲೆ ಎದ್ದು, ಕೆರೆದು ಕೆರೆದು ಹಾಗಾಗಿತ್ತು. ಎಡ, ಬಲ ಬೇರೆ ಬೇರೆ ಬರೆದುಕೊಂಡೆ. ಮುಗಿಯುವ ಹೊತ್ತಿಗೆ ಹುಡುಗಿ ಬಾಗಿಲ ಕಡೆ ನೋಡಿ, ನನ್ನ ಹತ್ತಿರ ಸರಿದು ಹೇಳಿದಳು. "ಅಕ್ಕ, ಮೆತ್ತೆ ಇಡ್ಬೇಡಿ. ನನ್ನ ಭುಜ ಹೆಂಗಿದೆಯೋ ಹಂಗೇ ಹೊಲೀರಿ. ಅದನ್ನ ಹೊತ್ತು ಹೊತ್ತು ಸಾಕಾಗಿದೆ. ಅವ್ವನಿಗೆ ಮಾತ್ರ ಹೇಳ್ಬೇಡಿ."

ಕೋಣೆಯಿಂದ ಹೊರಗೆ ಬಂದರೆ ಅವ್ವ ಕಾಫಿ ಲೋಟ ಕೈಗಿಟ್ಟು, "ಮೆತ್ತೆ ಹಳೇ ಜಾಕೀಟಿಗಿಂತ ಒಂಚೂರು ದಪ್ಪ ಇರ್ಲಿ ಕಣಮ್ಮ, ಫೋಟೋ ತೆಗೀತಾರೆ," ಎಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ನನ್ನ ರೂಮು ಇದ್ದದ್ದು ತಾಯಿಯ ಬಾಯಲ್ಲಿ. ಮಂಟಪದಲ್ಲಿ ಅತ್ತೆಯ ಎದುರಿಗೆ ಆಕೆ ಒಂದು ಮಾತು ಎತ್ತಿದರೆ ನನ್ನ ಅಂಗಡಿಯ ಕಥೆ ಮುಗಿಯಿತು. ತಾಯಿ ಹೇಳಿದ ಹಾಗೆ ಹೊಲಿದುಕೊಟ್ಟು ಕೈತೊಳೆದುಕೊಳ್ಳುವುದೇ ಜಾಣತನ ಎಂದು ಕಡೂರು ಬರುವವರೆಗೂ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಕೆಂಪು ಚರ್ಮ ಕಣ್ಣಿಂದ ಹೋಗಲಿಲ್ಲ. ಬೆರಳಲ್ಲಿ ಮುಟ್ಟಿ ನೋಡಿದ ಮೇಲೆ ಜಾಣತನ ಮಾಡುವುದು ಬಲು ಕಷ್ಟ.

ಆರು ಬ್ಲೌಸನ್ನೂ ಬಿಚ್ಚಿದೆ. ಪುಣ್ಯಕ್ಕೆ ಎಡಗಡೆ ನಾನು ಬಟ್ಟೆ ಜಾಸ್ತಿ ಬಿಟ್ಟಿದ್ದೆ, ಕಡಿಮೆಯಾಗಿರಲಿಲ್ಲ. ಎಡಭಾಗವನ್ನು ಅವಳ ಎಡಭುಜಕ್ಕೆ, ಬಲಭಾಗವನ್ನು ಬಲಕ್ಕೆ ಹೊಂದಿಸಿದೆ. ಆಮೇಲೆ ಮೂರು ದಿನ ತಲೆ ಓಡಿಸಿ ಒಂದು ಉಪಾಯ ಮಾಡಿದೆ. ಎಡಭುಜದ ಮೇಲೆ ಒಂದು ಪುಟ್ಟ ಮಡಿಕೆ ಬಿಟ್ಟು, ಒಳಗಿನಿಂದ ಒತ್ತಿದರೆ ಕೂರುವ ನಾಲ್ಕು ಟಿಚ್ ಬಟನ್ ಹಾಕಿದೆ. ಮೆತ್ತೆಯನ್ನು ಬೇರೆಯಾಗಿ ಹೊಲಿದೆ. ಮೆತ್ತೆ ಸಿಕ್ಕಿಸಿದರೆ ಮಡಿಕೆ ಬಿಚ್ಚಿಕೊಂಡು ಭುಜ ಎದ್ದು ನಿಲ್ಲುತ್ತದೆ. ಮೆತ್ತೆ ಕಿತ್ತರೆ ಅದೇ ಬಟನ್‌ಗಳಿಗೆ ಮಡಿಕೆ ಕೂತು, ಬ್ಲೌಸ್ ಅವಳ ಮೈಗೆ ಅಂಟಿಕೊಳ್ಳುತ್ತದೆ. ತಾಯಿಗೆ ತಾಯಿಯ ಬ್ಲೌಸ್, ಮಗಳಿಗೆ ಮಗಳದ್ದು. ಕ್ಲಾಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ದಿನವೂ ಅತ್ತೆ ರೂಮಿಗೆ ಬಂದು ಹೋಗಿ ಮಾಡುತ್ತಿದ್ದರು, ಬಿಚ್ಚಿದ ದಾರವನ್ನು ಗುಡಿಸಿಕೊಂಡು ಹೋಗುತ್ತಿದ್ದರು, ತುಟಿ ಎರಡು ಮಾಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮದುವೆಯ ದಿನ ಬೆಳಿಗ್ಗೆ ನಾನೂ ಅತ್ತೆಯೂ ತರೀಕೆರೆಗೆ ಹೋದೆವು. ಮಂಟಪದ ಮಹಡಿಯ ಕೋಣೆಯಲ್ಲಿ ಹುಡುಗಿಗೆ ಬ್ಲೌಸ್ ಹಾಕಿಸಿದೆ, ಮೆತ್ತೆ ಸಮೇತ. ತಾಯಿ ಬಂದು ಹಿಂದೆ ಮುಂದೆ ನೋಡಿ, ಎರಡು ಭುಜದ ಮೇಲೂ ಕೈಯಾಡಿಸಿ, ತಲೆಯಾಡಿಸಿ ಹೋದರು. ನನಗೆ ಹೋದ ಜೀವ ಬಂದ ಹಾಗಾಯಿತು. ಬಾಗಿಲು ಹಾಕಿದ್ದೇ ತಡ ಹುಡುಗಿ ಭುಜದೊಳಗೆ ಬೆರಳು ತೂರಿಸಿ ನಾಲ್ಕೂ ಬಟನ್ ಬಿಚ್ಚಿ ಮೆತ್ತೆಯನ್ನು ಹೊರಗೆಳೆದಳು. ನಾನು ಮಡಿಕೆ ಕೂರಿಸಿಕೊಟ್ಟೆ. ಕನ್ನಡಿಯಲ್ಲಿ ನೋಡಿಕೊಂಡು ಎಡಗೈಯನ್ನು ಮೇಲೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಬ್ಲೌಸ್ ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ. ಅವಳ ಭುಜ ಕೆಳಗಿತ್ತು, ಅದು ಕಾಣುತ್ತಿತ್ತು, ಮತ್ತು ಅವಳು ಬಹಳ ಚೆನ್ನಾಗಿ ಕಾಣುತ್ತಿದ್ದಳು.

ಆಗಲೇ ತಾಯಿ ಮರೆತ ಬಳೆಯ ಡಬ್ಬಿಗೆಂದು ಒಳಗೆ ಬಂದರು. ಮೆತ್ತೆ ಮಂಚದ ಮೇಲೇ ಬಿದ್ದಿತ್ತು.

"ಇದ್ಯಾರ ಕೆಲ್ಸ?"

"ನಂದೇ ಅಮ್ಮ," ಎಂದೆ. ರೂಮು ಹೋಯಿತು ಎಂದು ಗೊತ್ತಿದ್ದೂ ಹೇಳಿದೆ. ಆಗ ಬೇರೆ ಏನು ಹೇಳಿದ್ದರೂ ನನ್ನ ಮುಖ ನನಗೇ ತೋರಿಸಲಾಗುತ್ತಿರಲಿಲ್ಲ.

"ಅವರದ್ದಲ್ಲ ಕಣವ್ವ, ನಾನೇ ಹೇಳಿದ್ದು," ಎಂದಳು ಹುಡುಗಿ. "ನನ್ನ ಮದ್ವೆ ಆಗೋರಿಗೆ ಎಲ್ಲಾ ಗೊತ್ತು. ನಿಶ್ಚಿತಾರ್ಥ ಆದ ವಾರವೇ ನಾನು ಫೋನಲ್ಲಿ ಹೇಳ್ದೆ. ಅವ್ರಮ್ಮನಿಗೂ ಗೊತ್ತು. ಚಿಕ್ಕೋಳಿದ್ದಾಗ ಎಷ್ಟು ನೋವಾಯ್ತು ಅಂತ ಕೇಳಿದ್ರು, ಅಷ್ಟೇ."

ತಾಯಿ ಮಂಚದ ತುದಿಗೆ ಕೂತರು. "ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ನಿಂಗೆ ಬೇಜಾರಾಗುತ್ತೆ ಅಂತ."

ಕೆಳಗೆ ವಾಲಗ ಶುರುವಾಯಿತು. ಯಾರೋ ಬಾಗಿಲು ಬಡಿದು ಹುಡುಗಿಯನ್ನು ಕರೆದರು. ತಾಯಿ ಎದ್ದು, ಮಗಳ ಸೆರಗನ್ನು ಸರಿಮಾಡಿ, ಎಡಭುಜದ ಮೇಲೆ ಕೈ ಇಟ್ಟು, ಹಾಗೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಮಗಳನ್ನು ಮುಂದೆ ಬಿಟ್ಟುಕೊಂಡು ಇಳಿದುಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಧಾರೆ ಆಯಿತು. ಊಟಕ್ಕೆ ಕೂತೆವು. ಎಲೆಯ ಮೇಲೆ ಹೋಳಿಗೆ ಬಿತ್ತು, ತುಪ್ಪ ಬಿತ್ತು, ನಾನು ಹೋಳಿಗೆಯನ್ನು ಚೂರು ಚೂರು ಮಾಡುತ್ತಾ ಕೂತೆ. ಪಕ್ಕದಲ್ಲಿ ಅತ್ತೆ ನಿಧಾನವಾಗಿ ಊಟ ಮಾಡುತ್ತಿದ್ದರು. ಪಂಕ್ತಿಯ ಆ ತುದಿಯಿಂದ ಹುಡುಗಿಯ ತಾಯಿ ಒಬ್ಬೊಬ್ಬರನ್ನೂ ವಿಚಾರಿಸಿಕೊಳ್ಳುತ್ತಾ ಬಂದರು. ನಮ್ಮ ಎದುರಿಗೆ ಬಂದು ನಿಂತರು. ಅತ್ತೆ ತಲೆಯೆತ್ತಿದರು. ನಾನು ಎತ್ತಲಿಲ್ಲ.

"ನಿಮ್ಮ ಸೊಸೆ ನಾನು ಹೇಳಿದ ಮಾತು ಕೇಳ್ಲಿಲ್ಲ ಕಣ್ರೀ," ಎಂದರು ತಾಯಿ. ಅತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. "ನಾನೂ ಹದಿನೈದು ವರ್ಷದಿಂದ ಜಾಕೀಟು ಹೊಲಿಸ್ತಾನೇ ಇದೀನಿ. ನನ್ನ ಮಗಳನ್ನ ಮುಟ್ಟಿ ನೋಡಿ ಹೊಲಿದೋಳು ಇವಳೊಬ್ಳೇ. ನಾನೂ ಮುಟ್ಟಿರ್ಲಿಲ್ಲ." ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. "ಮದ್ವೆ ಗಲಾಟೆ ಮುಗೀಲಿ, ನಾನೂ ಬತ್ತೀನಿ. ನಂದೂ ಅಳತೆ ತಗೋ. ಹಳೇ ಜಾಕೀಟು ತರಲ್ಲ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಬೀರೂರು ದಾಟಿದ ಮೇಲೆ ಹೊರಗೆ ನೋಡುತ್ತಲೇ ಹೇಳಿದರು. "ಆ ರೂಮಿಗೆ ಅಡ್ಡಲಾಗಿ ಒಂದು ಪರದೆ ಹಾಕ್ಸು."

"ಯಾಕತ್ತೆ?"

"ಬಂದೋರು ಬೀದೀಗೆ ಕಾಣೋ ಹಂಗೆ ನಿಂತ್ಕೊಂಡು ಅಳತೆ ಕೊಡ್ತಾರೇನೇ?"

ನನಗೆ ಅಳು ತಡೆಯಲಾಗಲಿಲ್ಲ. ತುಂಬಿದ ಬಸ್ಸಿನಲ್ಲಿ, ರೇಷ್ಮೆ ಸೀರೆ ಉಟ್ಟುಕೊಂಡು, ಮೂಗು ಸೊರಸೊರ ಅನ್ನಿಸುತ್ತಾ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಆ ಮೊದಲು ಆಗಿರಲಿಲ್ಲ. ಅತ್ತೆ ನನ್ನ ಕಡೆ ನೋಡಲಿಲ್ಲ. ಸೆರಗನ್ನು ಸರಿಮಾಡಿಕೊಂಡು, "ಬಟ್ಟೆ ದಪ್ಪದ್ದು ತಗೋ. ಅದರ ಹಿಂದೆ ಮೊದಲು ಅಳತೆ ಕೊಡೋಳು ನಾನು," ಎಂದರು.